ಉದ್ದ ಕರಾರು ಕಳಿಸಿದ ಮೇಲೆ ಬಂದ ಮೌನ

ಜಪಾನಿನ ಖರೀದಿದಾರರಿಗೆ 40 ಪುಟದ ಕರಾರು ಕಳಿಸಿದಿರಿ, ಎರಡು ವಾರದಿಂದ ಉತ್ತರವಿಲ್ಲ, ನಂಬಿಕೆ ಕೆಟ್ಟಿತಾ ಎಂದು ಕೇಳಿದ್ದೀರಿ. ಈಗಲೇ ಹಾಗೆ ತೀರ್ಮಾನಿಸಬೇಡಿ. ಅಲ್ಲಿ ಸಂಬಂಧಪಟ್ಟ ಪ್ರತಿಯೊಬ್ಬರ ಜೊತೆ ಮೊದಲೇ ಮಾತಾಡಿ ಒಪ್ಪಿಗೆ ಪಡೆಯುವ ರೂಢಿ ಇದೆ. ಅದಕ್ಕೆ 'ನೆಮವಾಶಿ' ಎನ್ನುತ್ತಾರೆ. ಗಿಡ ಬೇರೆಡೆ ನೆಡುವ ಮುಂಚೆ ಬೇರಿನ ಸುತ್ತ ಮಣ್ಣು ಬಿಡಿಸುವ ಕೆಲಸದಿಂದ ಬಂದ ಮಾತದು. ಸಮಯ ಹಿಡಿಯುತ್ತದೆ.

ಇನ್ನು ಕರಾರಿನ ಉದ್ದ. ಅಮೆರಿಕದವರು ಏನೇನು ಕೆಡಬಹುದೋ ಎಲ್ಲವನ್ನೂ ಮೊದಲೇ ಬರೆದಿಡುತ್ತಾರೆ. ಜಪಾನಿನ ಕರಾರುಗಳು ಸಾಮಾನ್ಯವಾಗಿ ಚಿಕ್ಕವು. ಕೊನೆಯಲ್ಲಿ ಹೆಚ್ಚಾಗಿ ಒಂದು ಸಾಲು ಇರುತ್ತದೆ: ಇಲ್ಲಿ ಬರೆಯದ ತೊಡಕು ಬಂದರೆ ಇಬ್ಬರೂ ಪ್ರಾಮಾಣಿಕವಾಗಿ ಮಾತಾಡಿ ಬಗೆಹರಿಸಿಕೊಳ್ಳಬೇಕು. ಸುಮ್ನೆ ಸೇರಿಸಿದ ಸಾಲಲ್ಲ ಅದು. ನಿಮ್ಮ ಕರಡಿನಲ್ಲೂ ಅದನ್ನು ಹಾಕಿ.

ಹಣವನ್ನು ಮಾತ್ರ ಬರೀ ನಂಬಿಕೆಗೆ ಬಿಡಬೇಡಿ. ಮೊದಲ ಒಂದೆರಡು ಸಲ ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್, ಅಂದರೆ ಕೇಳಿದ ದಾಖಲೆ ಸರಿಯಾಗಿ ಕೊಟ್ಟರೆ ಹಣ ಕೊಡುತ್ತೇವೆ ಎಂದು ಖರೀದಿದಾರರ ಬ್ಯಾಂಕು ಬರೆದುಕೊಡುವ ಭರವಸೆ) ಮೇಲೆಯೇ ಸರಕು ಕಳಿಸಿ. ಎಲ್‌ಸಿಗಳು ಸಾಮಾನ್ಯವಾಗಿ 2007ರಲ್ಲಿ ಜಾರಿಗೆ ಬಂದ ಯುಸಿಪಿ 600 ಎಂಬ ಅಂತರರಾಷ್ಟ್ರೀಯ ನಿಯಮಗಳ ಮೇಲೆ ನಡೆಯುತ್ತವೆ. ಅದರಂತೆ ಬ್ಯಾಂಕು ನೋಡುವುದು ದಾಖಲೆಗಳನ್ನು, ಸರಕನ್ನಲ್ಲ. ಪರಿಶೀಲನೆಗೆ ಹೆಚ್ಚೆಂದರೆ 5 ಬ್ಯಾಂಕಿಂಗ್ ದಿನ. ನನ್ನ ಇನ್‌ವಾಯ್ಸ್‌ನಲ್ಲಿ ಒಮ್ಮೆ ಸರಕಿನ ವಿವರ ಎಲ್‌ಸಿಯಲ್ಲಿದ್ದಂತೆ ಇರಲಿಲ್ಲ. ಹಣ ನಿಂತೇ ಹೋಯಿತು. ಈ ವ್ಯತ್ಯಾಸ ಇದ್ದರೂ ಪರವಾಗಿಲ್ಲ, ಹಣ ಕೊಡಿ ಎಂದು ಖರೀದಿದಾರರು ತಮ್ಮ ಬ್ಯಾಂಕಿಗೆ ಹೇಳಿದ ಮೇಲೆ ಬಂತು. ಅವರು ಹಾಗೆ ಹೇಳಲೇಬೇಕೆಂದು ಯಾವ ನಿಯಮವೂ ಇರಲಿಲ್ಲ. ಮೂರು ವರ್ಷದ ಪರಿಚಯ ಅಲ್ಲಿ ಕೆಲಸಕ್ಕೆ ಬಂತು ಅಲ್ವಾ?

ಈ ವಾರ ಒಂದು ಫೋನ್ ಮಾಡಿ. ಸಹಿ ಯಾವಾಗ ಎಂದು ಕೇಳಬೇಡಿ. ಯಾವ ಷರತ್ತು ಓದಿ ಕಷ್ಟ ಅನ್ನಿಸಿತು ಎಂದು ಕೇಳಿ.