8 ಲಕ್ಷ ಏಕೆ ಸಾಲುತ್ತಿಲ್ಲ

ಕುಂಬಳೆಯಲ್ಲಿ 40 ಲಕ್ಷದ ಮನೆ ಕೊಳ್ಳಲು ಬ್ಯಾಂಕು ಶೇ. 80 ಸಾಲ ಒಪ್ಪಿದೆ, ಉಳಿದ 8 ಲಕ್ಷ ಕೈಯಲ್ಲಿದೆ, ಆದರೂ ಏಕೆ ಸಾಲುತ್ತಿಲ್ಲ ಎಂದು ಕೇಳಿದ್ದೀರಿ. ಕಾರಣ ಬಹುಶಃ ನೋಂದಣಿಯ ಖರ್ಚು. ಕೇರಳದಲ್ಲಿ ಮುದ್ರಾಂಕ ಶುಲ್ಕ ಶೇ. 8, ನೋಂದಣಿ ಶುಲ್ಕ ಶೇ. 2, ಅಂದರೆ ಇನ್ನೂ 4 ಲಕ್ಷ. ಬ್ಯಾಂಕು ಇದನ್ನು ಸಾಲದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬ್ಯಾಂಕಿನ ಮೌಲ್ಯಮಾಪಕರು ಮನೆಗೆ 40 ಲಕ್ಷಕ್ಕಿಂತ ಕಡಿಮೆ ಬೆಲೆ ಕಟ್ಟಿದರೆ ಸಾಲವೂ ಕುಗ್ಗಿ ಕೊರತೆ ಮತ್ತಷ್ಟು ಬೆಳೆಯುತ್ತದೆ. ಎಷ್ಟೆಂದು ಅವರ ವರದಿ ಬರುವ ತನಕ ಹೇಳಲಾಗದು.

ಹಾಗಾಗಿ ಮಾಲೀಕರು ಕೇಳಿದ 3 ಲಕ್ಷ ಮುಂಗಡವನ್ನು ಈಗಲೇ ಕೊಡಬೇಡಿ. ಮೊದಲು ಆ ವರದಿ ಬರಲಿ. ಅಷ್ಟರಲ್ಲಿ ಉಪನೋಂದಣಿ ಕಚೇರಿಯಿಂದ 30 ವರ್ಷದ ಋಣಭಾರ ಪತ್ರ (ಆಸ್ತಿಯ ಮೇಲೆ ನೋಂದಾಯಿತ ಅಡಮಾನ, ಮಾರಾಟಗಳನ್ನು ತೋರಿಸುವ ಪತ್ರ) ತೆಗೆಸಿ, ಮಾಲೀಕರಿಂದ ಈ ವರ್ಷದ ಭೂಕಂದಾಯದ ರಸೀದಿ ಮತ್ತು ಹಳೆಯ ಕ್ರಯಪತ್ರಗಳ ಪ್ರತಿ ಕೇಳಿ. ಇವನ್ನು ಪರಿಶೀಲಿಸುವ ವಕೀಲರು ಕನ್ನಡ ಓದಬಲ್ಲವರಾಗಿರಲಿ: 1956ಕ್ಕಿಂತ ಹಿಂದಿನ, ಕುಂಬಳೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದ ಪತ್ರಗಳು ಕನ್ನಡದಲ್ಲಿರುವುದು ಸಾಮಾನ್ಯ. ಅರ್ಥವಾಗದ ಪುಟವನ್ನು ಮಗುಚಿ ಹಾಕುವವರಿಗೆ ಶುಲ್ಕ ತೆತ್ತು ಏನು ಪ್ರಯೋಜನ?

ಆಮೇಲೆ ಮಾಲೀಕರೊಂದಿಗೆ ಮಾಡಿಕೊಳ್ಳುವ ಮಾರಾಟದ ಕರಾರುಪತ್ರ. ಸಾಲ ಮಂಜೂರಾಗದಿದ್ದರೆ ಇಂತಿಷ್ಟು ದಿನದೊಳಗೆ ಮುಂಗಡ ವಾಪಸ್ ಎಂಬ ಷರತ್ತು ಅದರಲ್ಲಿರಲೇಬೇಕು. ಮುಂಗಡವನ್ನು ನಗದಾಗಿ ಕೊಡಿ ಎಂದರೆ ಒಪ್ಪಬೇಡಿ. ಆಸ್ತಿ ಮಾರಾಟದ ಮುಂಗಡವಾಗಿ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಮಾಲೀಕರಿಗೆ ಇದನ್ನು ತಿಳಿಸಿ ನೋಡಿ, ಚೆಕ್ಕಿಗೆ ಒಪ್ಪಿಯಾರು.