ಗಾಡಿ ತಳ್ಳುವವರು, ಸಾಮಾನು ಹಾಕುವವರು

ಓದುಗರ ಪತ್ರ: ‘ಕಳೆದ ಸಂಚಿಕೆಯ ಬರಹವೊಂದರಲ್ಲಿ, ಕಣ್ಣು ಕಾಣದವರಿಗೆ ದಿನಸಿ ತರುವ ತೊಂದರೆ ಈಗಿಲ್ಲ, ಮೊಬೈಲಿನಲ್ಲೇ ತರಿಸಿಕೊಳ್ಳಬಹುದು ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಅಷ್ಟು ಸುಲಭವಾ? ನನ್ನ ತಮ್ಮನಿಗೆ 26 ವರ್ಷ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆಯಿಂದ ಅವನ ದೃಷ್ಟಿ ಕುಗ್ಗುತ್ತಾ ಬಂದಿದೆ. ಇನ್ನು ಕೆಲಸಕ್ಕಾಗಿ ಬೇರೆ ಊರಿನಲ್ಲಿ ಒಬ್ಬನೇ ಮನೆ ಮಾಡಿಕೊಂಡು ಇರಬೇಕು. ಅಂಗಡಿಗೆ ನಾವಿಬ್ಬರೂ ಹೋಗುತ್ತೇವೆ. ಅವನು ಗಾಡಿ ತಳ್ಳುತ್ತಾನೆ, ನಾನು ಸಾಮಾನು ಹಾಕುತ್ತೇನೆ. ಒಂದು ಸಲ ಒಬ್ಬನೇ ಹೋಗಿ ಸಕ್ಕರೆ ಬದಲು ಉಪ್ಪು ತಂದ. ಮನೆಯಲ್ಲಿ ಎಲ್ಲರೂ ನಕ್ಕರು. ಆಮೇಲೆ ಹೋಗಲೇ ಇಲ್ಲ. ನಾನೇ ಅವನಿಗೆ ಕಲಿಸಬಹುದಾ? ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಾನೂ ಒಂದು ದಿನ ಅಂಗಡಿ ಸುತ್ತಿದರೆ ಅವನ ಕಷ್ಟ ತಿಳಿಯುತ್ತಾ?’

ಸಂಪಾದಕರ ಉತ್ತರ:

ನಮಸ್ಕಾರ.

ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಸಾಲು ಲೇಖಕರದ್ದಲ್ಲ, ನನ್ನದು. ಅವರು ಅಂಗಡಿಯ ಬಗ್ಗೆ ಪೂರ್ತಿ ಒಂದು ಪುಟ ಬರೆದು ಕಳಿಸಿದ್ದರು. ಜಾಗ ಸಾಲಲಿಲ್ಲ. ಸಣ್ಣ ವಿಷಯ ಅಂದುಕೊಂಡು ಕತ್ತರಿ ಹಾಕಿದೆ, ತೇಪೆಗೆ ಆ ಒಂದು ಸಾಲು ಹಚ್ಚಿದೆ. ನಿಮ್ಮ ಪತ್ರ ಬಂದ ಮೇಲೆ ಕತ್ತರಿಸಿದ ಪುಟವನ್ನು ಹುಡುಕಿ ಓದಿದೆ. ಅವರಿಗೆ ಫೋನ್ ಮಾಡಿ ಒಂದು ಗಂಟೆ ಮಾತಾಡಿದೆ. ಅವರಿಗೆ ಹುಟ್ಟಿನಿಂದ ಕಣ್ಣು ಕಾಣದು, 20 ವರ್ಷದಿಂದ ತಮ್ಮ ಮನೆಯ ದಿನಸಿ ತಾವೇ ತರುತ್ತಾರೆ. ಕೆಳಗೆ ಬರೆದಿರುವುದರಲ್ಲಿ ಅರ್ಧ ಅವರು ಹೇಳಿದ್ದು, ಇನ್ನರ್ಧ ನಾನು ಓದಿ ತಿಳಿದುಕೊಂಡಿದ್ದು.

ನಿಮ್ಮ ಪತ್ರದಲ್ಲಿ ನನಗೆ ತಟ್ಟಿದ್ದು ಉಪ್ಪು-ಸಕ್ಕರೆಯ ಕಥೆಯಲ್ಲ. ‘ಅವನು ಗಾಡಿ ತಳ್ಳುತ್ತಾನೆ, ನಾನು ಸಾಮಾನು ಹಾಕುತ್ತೇನೆ’ ಅಂತ ಬರೆದಿದ್ದೀರಲ್ಲ, ಆ ಮಾತು. ಹಾಗಾದರೆ ದಿನಸಿ ತಂದವರು ಯಾರು? ನೀವೇ. ದೊಡ್ಡ ಪೊಟ್ಟಣವೋ ಸಣ್ಣದೋ, ಈ ಕಂಪನಿಯದೋ ಆ ಕಂಪನಿಯದೋ, ಇವತ್ತೇ ಬೇಕೋ ಮುಂದಿನ ವಾರಕ್ಕೆ ಆದೀತೋ, ಇಷ್ಟು ಬೆಲೆ ಕೊಡಬೇಕೋ ಬೇಡವೋ. ದಿನಸಿ ತರುವುದು ಅಂದರೆ ಇದೇ ಅಲ್ವಾ? ಕೈಯಲ್ಲಿ ಎತ್ತಿ ಗಾಡಿಗೆ ಹಾಕುವುದು ಅದರಲ್ಲಿ ತೀರಾ ಚಿಕ್ಕ ಕೆಲಸ. ಅದನ್ನು ಬೇರೆಯವರ ಕೈಯಲ್ಲಿ ಮಾಡಿಸಿಕೊಂಡರೂ ಏನೂ ಹೋಗುವುದಿಲ್ಲ. ತೀರ್ಮಾನವನ್ನೇ ಬೇರೆಯವರಿಗೆ ಬಿಟ್ಟರೆ ಮಾತ್ರ ಉಳಿಯುವುದು ಗಾಡಿ ತಳ್ಳುವುದೊಂದೇ. ನೀವು ಕಲಿಸಬೇಕಾದ್ದು ಈ ತೀರ್ಮಾನದ ಭಾಗವನ್ನು.

ಇಲ್ಲೊಂದು ಹಳೆಯ ಕಥೆ ಹೇಳಬೇಕು. ದಿನಸಿ ತರಲು ಕಣ್ಣು ಬೇಕೇ ಬೇಕು ಅನ್ನುವುದು ಇತ್ತೀಚಿನ ಮಾತು. ಮುಂಚೆ ಗಿರಾಕಿ ಗಲ್ಲಾಪೆಟ್ಟಿಗೆಯ ಈಚೆ ನಿಲ್ಲುತ್ತಿದ್ದ, ಸಾಮಾನು ಆಚೆ ಇರುತ್ತಿತ್ತು. ಬೇಕಾದ್ದನ್ನು ಬಾಯಲ್ಲಿ ಹೇಳಿದರೆ ಅಂಗಡಿಯವರು ತೆಗೆದು, ತೂಗಿ, ಕಟ್ಟಿ ಕೊಡುತ್ತಿದ್ದರು. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವ್ಯಾಪಾರಿ ‘ಪಿಗ್ಲಿ ವಿಗ್ಲಿ’ ಅಂತ ಅಂಗಡಿ ತೆರೆದರು. ಅಲ್ಲಿ ಗಿರಾಕಿಗಳೇ ಒಳಗೆ ಹೋಗಿ ಬೇಕಾದ್ದನ್ನು ಆರಿಸಿಕೊಂಡು ಬರಬೇಕು. 1937ರಲ್ಲಿ ಒಕ್ಲಹೋಮ ಸಿಟಿಯ ಸಿಲ್ವನ್ ಗೋಲ್ಡ್‌ಮನ್ ತಮ್ಮ ಅಂಗಡಿಗಳಿಗೆ ತಳ್ಳುಗಾಡಿ ತಂದರು. ಆಮೇಲೆ ಬಾರ್‌ಕೋಡ್. ಇದರ ಹುಟ್ಟು ಇನ್ನೂ ಸೊಗಸು. ಜೋಸೆಫ್ ವುಡ್‌ಲ್ಯಾಂಡ್ ಮಯಾಮಿಯ ಸಮುದ್ರ ದಂಡೆಯಲ್ಲಿ ಕೂತು, ತಂತಿ ಸಂದೇಶಕ್ಕೆ ಬಳಸುತ್ತಿದ್ದ ಮೋರ್ಸ್ ಸಂಕೇತದ ಚುಕ್ಕಿ-ಗೀಟುಗಳನ್ನು ನೆನೆಯುತ್ತಾ ಮರಳಿನಲ್ಲಿ ಬೆರಳು ಎಳೆದರಂತೆ. ಸಣ್ಣ ಗೆರೆ, ದಪ್ಪ ಗೆರೆ ಮೂಡಿತು. 1952ರಲ್ಲಿ ಅವರಿಗೂ ಗೆಳೆಯ ಬರ್ನಾರ್ಡ್ ಸಿಲ್ವರ್‌ಗೂ ಪೇಟೆಂಟ್ ಸಿಕ್ಕಿತು. 1974ರ ಜೂನ್ 26ರಂದು ಒಹಾಯೊ ರಾಜ್ಯದ ಟ್ರಾಯ್ ಎಂಬಲ್ಲಿ ಚೂಯಿಂಗ್ ಗಮ್‌ನ ಒಂದು ಪೊಟ್ಟಣದ ಮೇಲೆ ಈಗಿನ ಬಾರ್‌ಕೋಡನ್ನು ಅಂಗಡಿಯೊಂದರಲ್ಲಿ ಮೊದಲ ಸಲ ಓದಿಸಿದರು. ಬೆರಳಿನಿಂದ ಹುಟ್ಟಿದ ಗೆರೆ, ಆದರೆ ಬೆರಳಿಗೆ ಮಾತ್ರ ಸಿಗದು!

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನಿಮ್ಮ ತಮ್ಮ ಅಂಗಡಿಯವರ ಸಹಾಯ ಕೇಳಿದರೆ ಅದು ಸೋಲಲ್ಲ. ಮುಂಚೆ ಎಲ್ಲರೂ ಹಾಗೇ ತರುತ್ತಿದ್ದರು. ಆದರೆ ಕೇಳುವುದೂ ಒಂದು ಕಲೆ. ‘ಸ್ವಲ್ಪ ಹೆಲ್ಪ್ ಮಾಡಿ’ ಅಂದರೆ ಅಂಗಡಿಯ ಹುಡುಗ ಕೈಗೆ ಸಿಕ್ಕಿದ್ದನ್ನು ಗಾಡಿಗೆ ಹಾಕುತ್ತಾನೆ. ‘ನನ್ನ ಚೀಟಿಯಲ್ಲಿ 9 ಸಾಮಾನಿದೆ, 20 ನಿಮಿಷ ನನ್ನ ಜೊತೆ ಬರುವವರು ಯಾರಾದರೂ ಇದ್ದಾರಾ?’ ಅಂತ ಕೇಳಿದರೆ ಬೇರೆಯೇ. ಪ್ರತಿ ಸಾಮಾನಿಗೂ ಹೆಸರು, ಅಳತೆ, ಸಿಗದಿದ್ದರೆ ಬದಲಿಗೆ ಏನು, ಇಷ್ಟನ್ನು ಮೊದಲೇ ಯೋಚಿಸಿಕೊಂಡಿರಬೇಕು. ‘ಬೆಲೆ ಓದಿ ಹೇಳಿ, ಎಕ್ಸ್‌ಪೈರಿ ದಿನಾಂಕ ಓದಿ ಹೇಳಿ’ ಅಂತ ಸಂಕೋಚವಿಲ್ಲದೆ ಕೇಳಬೇಕು. ದಿನಾಂಕವಂತೂ ಯಾವ ಬೆರಳಿಗೂ ಸಿಗುವುದಿಲ್ಲ. ಜನ ಇಲ್ಲದ ಹೊತ್ತು ನೋಡಿ ಹೋಗುವುದು ಒಳ್ಳೆಯದು. ಜೊತೆಗೆ ಬಂದವರು ತೋಳು ಹಿಡಿದು ಎಳೆದುಕೊಂಡು ಹೋಗಬಾರದು. ನಿಮ್ಮ ತಮ್ಮ ಅವರ ಮೊಣಕೈಯ ಮೇಲ್ಭಾಗ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯಬೇಕು. ಇದನ್ನು ಅವರಿಗೆ ಹೇಳಿಕೊಡಬೇಕಾದವನೂ ನಿಮ್ಮ ತಮ್ಮನೇ. ಮೊದಲ ಸಲ ನಾಲಿಗೆ ತೊದಲುತ್ತದೆ. ಅದಕ್ಕೇ ಮನೆಯಲ್ಲೇ ಆಡಿ ನೋಡಿ. ನೀವು ಅವಸರದ ಅಂಗಡಿ ಹುಡುಗನಾಗಿ, ಅವನು ಗಿರಾಕಿಯಾಗಲಿ.

ಪಾಠ ಶುರುವಾಗಬೇಕಾದ್ದು ಅಡುಗೆಮನೆಯಲ್ಲಿ. ಯಾವ ಡಬ್ಬಿ ಖಾಲಿಯಾಗುತ್ತಿದೆ ಅಂತ ಅವನೇ ಎತ್ತಿ ನೋಡಲಿ. ಚೀಟಿ ಅವನೇ ಮಾಡಲಿ, ಫೋನಿನಲ್ಲಿ ಹೇಳಿ ಬರೆಸಿದರೂ ಸರಿ, ಬ್ರೈಲ್‌ನಲ್ಲಾದರೂ ಸರಿ, ದಪ್ಪ ಪೆನ್ನಿನಲ್ಲಿ ದೊಡ್ಡಕ್ಷರವಾದರೂ ಸರಿ. ಹಣ್ಣು-ತರಕಾರಿ ಒಂದು ಕಡೆ, ತಣ್ಣನೆಯ ಪದಾರ್ಥ ಇನ್ನೊಂದು ಕಡೆ, ಹೀಗೆ ಅಂಗಡಿಯ ಸಾಲಿಗೆ ಹೊಂದುವಂತೆ ಗುಂಪು ಮಾಡಿಕೊಂಡರೆ ಓಡಾಟ ಅರ್ಧ ಕಡಿಮೆಯಾಗುತ್ತದೆ.

ಆಮೇಲೆ ಏನೂ ಕೊಳ್ಳದೆ ಸುಮ್ನೆ ಎರಡು-ಮೂರು ಸಲ ಅಂಗಡಿ ಸುತ್ತಿ ಬನ್ನಿ. ಬಾಗಿಲಿನಿಂದ ಎಷ್ಟು ಹೆಜ್ಜೆಗೆ ಎಡ, ಎಲ್ಲಿ ಫ್ರಿಜ್ಜಿನ ಗುಂಯ್‌ಗುಡುವಿಕೆ, ಎಲ್ಲಿ ಮುಖಕ್ಕೆ ತಣ್ಣನೆ ಗಾಳಿ, ಸೋಪಿನ ವಾಸನೆ ಯಾವ ಸಾಲಿನಲ್ಲಿ, ಬಿಲ್ಲಿನ ಬೀಪ್ ಯಾವ ದಿಕ್ಕಿನಿಂದ. ಕಣ್ಣಿದ್ದವರಿಗೆ ಇವು ಕೇಳಿಸುವುದೇ ಇಲ್ಲ. ನೀವು ‘ಅಲ್ಲಿ, ಇಲ್ಲಿ’ ಅನ್ನುವುದನ್ನು ಬಿಟ್ಟು ‘ನಿನ್ನ ಬಲಕ್ಕೆ, ಸೊಂಟದ ಎತ್ತರಕ್ಕೆ, ಮೂರನೆಯದು’ ಅನ್ನಲು ಕಲಿಯಬೇಕು. ಕಲಿಯುವವರು ಅವನೊಬ್ಬನೇ ಅಲ್ಲ, ನೀವೂ. ಏನಾದರೂ ಮುಟ್ಟಿಸಿ ತೋರಿಸುವಾಗ ಅವನ ಕೈ ಹಿಡಿದು ಎಳೆಯಬೇಡಿ. ನಿಮ್ಮ ಕೈಯನ್ನು ಅವನ ಕೈ ಕೆಳಗಿಡಿ. ಅವನ ಕೈ ಮೇಲಿರಲಿ, ಬೇಡವಾದಾಗ ತೆಗೆಯಲು ಅವನಿಗೆ ಆಗಬೇಕು.

ಇನ್ನು ಗಾಡಿ. ಅದನ್ನು ತಳ್ಳುವುದು ಬೇಡ, ಎಳೆಯಲಿ. ಮುಂದೆ ಒಂದು ಕೈಯಲ್ಲಿ ಬಿಳಿಕೋಲು, ಹಿಂದೆ ಇನ್ನೊಂದು ಕೈಯಲ್ಲಿ ಗಾಡಿ. ತಳ್ಳಿದರೆ ದಾರಿಯಲ್ಲಿ ಏನಿದೆ ಅಂತ ಮೊದಲು ಗೊತ್ತಾಗುವುದು ಗಾಡಿಗೆ. ಅಷ್ಟರಲ್ಲಿ ಯಾರದ್ದಾದರೂ ಕಾಲಿಗೆ ತಾಗಿರುತ್ತದೆ.

ನಿಮ್ಮ ತಮ್ಮನ ವಿಷಯದಲ್ಲಿ ಇನ್ನೊಂದು ಮಾತಿದೆ. ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲಿ ಸಾಮಾನ್ಯವಾಗಿ ಮೊದಲು ರಾತ್ರಿ ದೃಷ್ಟಿ ಹೋಗುತ್ತದೆ, ಆಮೇಲೆ ಅಂಚಿನ ದೃಷ್ಟಿ. ನಡುವಿನ ದೃಷ್ಟಿ ಬಹಳ ಕಾಲ ಉಳಿಯಬಹುದು. ಅಂದರೆ ಡಬ್ಬಿಯ ಮೇಲಿನ ಸಣ್ಣಕ್ಷರ ಓದುವವನೇ ಕಾಲ ಬಳಿಯ ಬುಟ್ಟಿಗೆ ಎಡವಿ ಬೀಳುತ್ತಾನೆ. ನೋಡಿದವರು ‘ಓದಕ್ಕೆ ಬರುತ್ತೆ, ಕೋಲು ಯಾಕೆ? ನಾಟಕ’ ಅಂತಾರೆ. ಈ ಒಂದು ಮಾತಿಗೆ ಹೆದರಿ ಕೋಲನ್ನು ಚೀಲದಲ್ಲಿ ಬಚ್ಚಿಟ್ಟುಕೊಳ್ಳುವವರಿದ್ದಾರೆ. ಬಿಸಿಲಿನಿಂದ ಒಳಗೆ ಬಂದಾಗ ಅವನ ಕಣ್ಣಿಗೆ ಹೊಂದಿಕೊಳ್ಳಲು ಜಾಸ್ತಿ ಹೊತ್ತು ಬೇಕು. ಬಾಗಿಲ ಪಕ್ಕ ಸ್ವಲ್ಪ ನಿಲ್ಲಲಿ. ಕಪಾಟಿಗೆ ಅಂಟಿಕೊಂಡು ಹುಡುಕುವ ಬದಲು ಎರಡು ಹೆಜ್ಜೆ ಹಿಂದೆ ಸರಿದರೆ ಅವನ ಕಿರಿದಾದ ನೋಟದೊಳಗೆ ಹೆಚ್ಚು ಜಾಗ ಬೀಳುತ್ತದೆ. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಸಾಲು ಸಾಲಾಗಿ ನೋಡುವುದನ್ನು ರೂಢಿ ಮಾಡಿಕೊಳ್ಳಲಿ.

ಈಗ ಉಪ್ಪು-ಸಕ್ಕರೆಗೆ ಬರೋಣ. ಇದಕ್ಕೆ ಕಣ್ಣು ಬೇಡ. ಒಂದೇ ಅಳತೆಯ ಡಬ್ಬಿಗೆ ಪುಡಿ ಉಪ್ಪು ಸಕ್ಕರೆಗಿಂತ ಜಾಸ್ತಿ ತೂಗುತ್ತದೆ. ಆದ್ದರಿಂದ ಒಂದೊಂದು ಕಿಲೋದ ಎರಡು ಪೊಟ್ಟಣ ಹಿಡಿದರೆ ಉಪ್ಪಿನದು ಚಿಕ್ಕದು, ಗಟ್ಟಿ. ಸಕ್ಕರೆಯದು ಉಬ್ಬಿದ್ದು. ಬೆರಳಲ್ಲಿ ಉಜ್ಜಿದರೆ ಸಕ್ಕರೆಯ ಹರಳು ದಪ್ಪ. ಎರಡನ್ನೂ ಅವನ ಕೈಗೆ ಕೊಟ್ಟು ನೋಡಿ, ಹತ್ತು ನಿಮಿಷದ ಪಾಠ. ಇದನ್ನು ಓದಿದ ಮೇಲೆ ನಾನೂ ಕಣ್ಣು ಮುಚ್ಚಿ ಪರೀಕ್ಷೆ ಮಾಡಿದೆ. ನಮ್ಮ ಮನೆಯವರು ಇದೇನು ಹೊಸ ಹುಚ್ಚು ಅಂದರು. ಹಣ್ಣು-ತರಕಾರಿಯಲ್ಲಂತೂ ಬೆರಳು, ಮೂಗು ಬಹಳ ಸಲ ಕಣ್ಣಿಗಿಂತ ಮುಂದೆ. ಮೆತ್ತಗಾದ ಜಾಗ, ತೊಟ್ಟಿನ ಹಸಿತನ, ಗಾತ್ರಕ್ಕೆ ತಕ್ಕ ತೂಕ, ಎಲ್ಲ ಕೈಗೆ ಸಿಗುತ್ತದೆ. ಕಷ್ಟ ಇರುವುದು ತಗಡಿನ ಡಬ್ಬಿಯಲ್ಲಿ. ಎಲ್ಲಾ ಒಂದೇ ಆಕಾರ, ಒಳಗೆ ಏನಿದೆಯೋ. ಯುರೋಪಿನ ಒಕ್ಕೂಟದಲ್ಲಿ ಔಷಧದ ಪೆಟ್ಟಿಗೆ ಮೇಲೆ ಹೆಸರು ಬ್ರೈಲ್‌ನಲ್ಲಿ ಇರಬೇಕೆಂದು 2004ರಲ್ಲೇ ಕಾನೂನು ಮಾಡಿದರು. ಊಟದ ಡಬ್ಬಿಗೆ ಆ ಕಡ್ಡಾಯ ಇಲ್ಲ.

ಅಲ್ಲಿ ಫೋನ್ ಕೆಲಸಕ್ಕೆ ಬರುತ್ತದೆ. ಮೈಕ್ರೋಸಾಫ್ಟ್ 2017ರಲ್ಲಿ ತಂದ ‘ಸೀಯಿಂಗ್ ಎಐ’ ಎಂಬ ಆ್ಯಪ್ ಅಕ್ಷರ ಓದುತ್ತದೆ, ಬಾರ್‌ಕೋಡ್ ಹತ್ತಿರವಾದಂತೆ ಬೀಪ್ ಬೇಗ ಬೇಗ ಹೊಡೆದು ದಾರಿ ತೋರಿಸುತ್ತದೆ. ಡಬ್ಬಿಯನ್ನು ನಿಧಾನವಾಗಿ ತಿರುಗಿಸಲು ಕೈ ಪಳಗಬೇಕು, ಮೊದಲು ಮನೆಯ ಕಪಾಟಿನ ಮುಂದೆ ಅಭ್ಯಾಸ ಮಾಡಲಿ. 2015ರಲ್ಲಿ ಶುರುವಾದ ‘ಬಿ ಮೈ ಐಸ್’ ಎಂಬ ಆ್ಯಪ್‌ನಲ್ಲಿ ವಿಡಿಯೊ ಕರೆ ಮಾಡಿದರೆ ಎಲ್ಲೋ ಇರುವ ಸ್ವಯಂಸೇವಕರೊಬ್ಬರು ನೋಡಿ ಹೇಳುತ್ತಾರೆ. ಇದನ್ನು ಕಟ್ಟಿದ ಡೆನ್ಮಾರ್ಕಿನ ಹಾನ್ಸ್ ಯೋರ್ಗೆನ್ ವೀಬರ್ಗ್ ಅವರಿಗೇ ದೃಷ್ಟಿ ಕಡಿಮೆ. ಒಂದು ಎಚ್ಚರಿಕೆ: ಫೋನು ತಪ್ಪನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತದೆ. ಯಾವುದಾದರೂ ಪದಾರ್ಥ ಮೈಗೆ ಆಗುವುದಿಲ್ಲ ಅಂದರೆ ಅದನ್ನು ಮನುಷ್ಯರ ಬಾಯಿಂದಲೇ ಕೇಳಿಕೊಳ್ಳಲಿ.

ದುಡ್ಡು ಕೊಡುವಾಗ ನೋಟುಗಳನ್ನು ಬೇರೆ ಬೇರೆ ಥರ ಮಡಿಸಿಟ್ಟುಕೊಳ್ಳುವುದು ಹಳೆಯ ಉಪಾಯ, ಈಗಲೂ ನಡೆಯುತ್ತದೆ. ಚಿಲ್ಲರೆಯನ್ನು ಒಂದೊಂದಾಗಿ ಹೇಳಿ ಕೊಡಲು ಕೇಳಲಿ, ಅಲ್ಲೇ ಮಡಿಸಲಿ, ಹಿಂದಿನವರು ಗೊಣಗಿದರೆ ಗೊಣಗಲಿ. ಕಾರ್ಡಿನ ಯಂತ್ರದಲ್ಲಿ 5ರ ಗುಂಡಿ ಮೇಲೆ ಸಾಮಾನ್ಯವಾಗಿ ಒಂದು ಉಬ್ಬು ಇರುತ್ತದೆ, ಅಲ್ಲಿಂದ ಉಳಿದ ಅಂಕಿಗಳು ಸಿಗುತ್ತವೆ. ಗುಂಡಿಯೇ ಇಲ್ಲದ ನುಣ್ಣನೆ ಪರದೆ ಬಂದರೆ ಫೋನಿನಲ್ಲಿ ಪಾವತಿ ಮಾಡುವುದು ಮೇಲು. ಏನೇ ಆಗಲಿ, ಪಿನ್ ನಂಬರನ್ನು ಬಾಯಲ್ಲಿ ಹೇಳುವುದು ಬೇಡ.

ಮನೆಗೆ ಬಂದ ಮೇಲೆ ಮರೆಯುವ ಮುಂಚೆ ಗುರುತು ಹಾಕಬೇಕು. ಒಂದು ಡಬ್ಬಿಗೆ ಒಂದು ರಬ್ಬರ್ ಬ್ಯಾಂಡು, ಇನ್ನೊಂದಕ್ಕೆ ಎರಡು. ದುಬಾರಿ ಸಾಧನ ಏನೂ ಬೇಡ. ಮತ್ತೆ, ಅವನು ಜೋಡಿಸಿಟ್ಟದ್ದನ್ನು ನೀವು ‘ಸರಿ’ ಮಾಡಲು ಹೋಗಬೇಡಿ.

ಎಲ್ಲವನ್ನೂ ನೀವೇ ಕಲಿಸಬಹುದಾ? ಅಡುಗೆಮನೆ, ಚೀಟಿ, ಮಾತು, ಇವನ್ನು ಖಂಡಿತ. ಕೋಲು ಹಿಡಿದು ನಡೆಯುವುದು, ರಸ್ತೆ ದಾಟುವುದನ್ನು ಅದಕ್ಕೆಂದೇ ತರಬೇತಿ ಪಡೆದವರಿಂದ ಕಲಿಯಲಿ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಅಮೆರಿಕದ ವ್ಯಾಲಿ ಫೋರ್ಜ್ ಆಸ್ಪತ್ರೆಯಲ್ಲಿ ರಿಚರ್ಡ್ ಹೂವರ್ ಉದ್ದ ಕೋಲಿನ ವಿಧಾನ ರೂಪಿಸಿದರು. ಅಲ್ಲಿಂದ ಅದು ಒಂದು ವಿದ್ಯೆಯಾಗಿಯೇ ಬೆಳೆದಿದೆ.

ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುವುದು ಬೇಡ ಅಂತಲೇ ನನ್ನ ಸಲಹೆ. ಸ್ವತಃ ಕಣ್ಣು ಕಾಣದ ಮನಶ್ಶಾಸ್ತ್ರಜ್ಞೆ ಏರಿಯಲ್ ಸಿಲ್ವರ್‌ಮನ್ ಮತ್ತು ಜೊತೆಗಾರರು 2014ರಲ್ಲಿ ಇದರ ಬಗ್ಗೆಯೇ ಸಂಶೋಧನೆ ಪ್ರಕಟಿಸಿದರು. ಸ್ವಲ್ಪ ಹೊತ್ತು ಕಣ್ಣು ಕಟ್ಟಿಕೊಂಡವರು, ಕಣ್ಣು ಕಾಣದವರ ಕೈಲಿ ಕೆಲಸ ಮಾಡಿಕೊಂಡು ಸ್ವತಂತ್ರವಾಗಿ ಬದುಕುವುದು ಕಷ್ಟ ಅಂತ ಹೆಚ್ಚಾಗಿ ನಂಬಿಬಿಟ್ಟರಂತೆ. ಆ ಹೊತ್ತಿನಲ್ಲಿ ತಿಳಿಯುವುದು ಮೊದಲ ದಿನದ ಗಾಬರಿ ಮಾತ್ರ, ಅಭ್ಯಾಸದ ನಂತರದ ಬದುಕಲ್ಲ. ನಿಮಗೆ ಈಗಲೇ ಭಯ ಬೇಕಾದಷ್ಟಿದೆ.

ಮೊಬೈಲಿನಲ್ಲಿ ತರಿಸುವುದು ತಪ್ಪಲ್ಲ. ಮಳೆಯಲ್ಲಿ, ಸುಸ್ತಾದ ದಿನ, ಭಾರದ ಸಾಮಾನಿಗೆ ಎಲ್ಲರೂ ತರಿಸುತ್ತೇವೆ, ಅವನೂ ತರಿಸಲಿ. ಆದರೆ ಬರೀ ಚಿತ್ರ ಹಾಕಿ ಹೆಸರು ಬರೆಯದ ಪುಟವನ್ನು ಫೋನಿನ ಪರದೆ ಓದುವ ತಂತ್ರಾಂಶ ಏನಂತ ಓದೀತು? ಅಲ್ಲೂ ಸಿಕ್ಕಿಬೀಳುವ ಜಾಗಗಳಿವೆ. ಲೇಖಕರು ಫೋನಿನಲ್ಲಿ ಹೇಳಿದ್ದು: ‘ಹೋಗುವುದು ಗೊತ್ತಿದ್ದೂ ತರಿಸಿಕೊಳ್ಳುವುದು ಬೇರೆ, ಹೋಗಲು ಬಾರದೆ ತರಿಸಿಕೊಳ್ಳುವುದು ಬೇರೆ.’ ಅವರ ಪುಟವನ್ನು ಮುಂದಿನ ಸಂಚಿಕೆಯಲ್ಲಿ ಒಂದಕ್ಷರ ಕತ್ತರಿಸದೆ ಹಾಕುತ್ತೇವೆ.

ಒಂದು ಕೋರಿಕೆ. ನಿಮ್ಮ ಪತ್ರ ಎರಡು ಪುಟ ಇತ್ತು. ಅದರಲ್ಲಿ ನಿಮ್ಮ ತಮ್ಮ ಹೇಳಿದ ಒಂದು ಮಾತೂ ಸಿಗಲಿಲ್ಲ. ಉಪ್ಪು ತಂದ ದಿನ ಅಂಗಡಿಯಲ್ಲಿ ಏನಾಯಿತು ಅಂತ ಅವನನ್ನೇ ಕೇಳಿ ನೋಡಿ. ಮುಂದಿನ ಪತ್ರ ಅವನೇ ಬರೆಯಲಿ, ಇಲ್ಲವಾದರೆ ಮಾತಾಡಿ ಧ್ವನಿ ಮುದ್ರಿಸಿ ಕಳಿಸಲಿ. ನಾವು ಬರೆದುಕೊಳ್ಳುತ್ತೇವೆ.

— ಸಂಪಾದಕ