ಖಾತೆ ನಿಮ್ಮದು, ದುಡ್ಡು ಯಾರದು?

ಪ್ರಶ್ನೆ: ಸರ್, ಆನ್‌ಲೈನ್‌ನಲ್ಲಿ ಒಂದು ಕೆಲಸ ಸಿಕ್ಕಿತು. ನನ್ನ ಖಾತೆಗೆ ದುಡ್ಡು ಬರುತ್ತೆ, ನೂರಕ್ಕೆ ಐದು ಭಾಗ ಇಟ್ಟುಕೊಂಡು ಉಳಿದದ್ದನ್ನು ಅವರು ಹೇಳಿದ ಖಾತೆಗೆ ಕಳಿಸಬೇಕು, ಅಷ್ಟೇ. ಎರಡು ಸಲ ಕಳಿಸಿದೆ. ಮೂರನೇ ಸಲ ಬ್ಯಾಂಕಿನವರು ಖಾತೆ ತಡೆಹಿಡಿದಿದ್ದಾರೆ. ಕೇಳಿದರೆ ಸರಿಯಾಗಿ ಬಾಯಿ ಬಿಡುತ್ತಿಲ್ಲ. ನಾನು ಯಾರ ದುಡ್ಡನ್ನೂ ಕದ್ದಿಲ್ಲ, ನನ್ನದೇನು ತಪ್ಪು?

ಉತ್ತರ: ಕದ್ದಿಲ್ಲ, ಒಪ್ಪಿದೆ. ಆದರೆ ದುಡ್ಡು ಕಳಿಸೋದು ಫೋನಿನಲ್ಲಿ ಎರಡು ನಿಮಿಷದ ಕೆಲಸ ಅಲ್ವಾ, ಅದಕ್ಕೆ ಮುಖ ಪರಿಚಯವೂ ಇಲ್ಲದವರು ಸುಮ್ನೆ ಕಮಿಷನ್ ಯಾಕೆ ಕೊಡ್ತಾರೆ? ಅವರು ಬಾಡಿಗೆಗೆ ತಗೊಂಡಿರೋದು ನಿಮ್ಮ ಹೆಸರನ್ನು. ಇಂಥ ಖಾತೆಗೆ ಮ್ಯೂಲ್ ಅಕೌಂಟ್ ಅಂತಾರೆ. ಮ್ಯೂಲ್ ಅಂದರೆ ಹೇಸರಗತ್ತೆ, ಮೂಟೆಯಲ್ಲಿ ಏನಿದೆ ಅಂತ ಕೇಳದೆ ಹೊರುವ ಪ್ರಾಣಿ. (ಬೈಯುತ್ತಿಲ್ಲ, ಹೆಸರೇ ಹಾಗಿದೆ!)

ಮನಿ ಲಾಂಡರಿಂಗ್, ಅಂದರೆ ಕಳ್ಳ ದುಡ್ಡನ್ನು ನ್ಯಾಯವಾಗಿ ಬಂದದ್ದು ಅನ್ನಿಸುವ ಹಾಗೆ ಮಾಡೋದು. ಅದನ್ನು ಮಾಡುವವರು ಮೊದಲು ಕಳ್ಳ ದುಡ್ಡನ್ನು ಹೇಗಾದರೂ ಬ್ಯಾಂಕಿನೊಳಗೆ ತೂರಿಸುತ್ತಾರೆ. ಆಮೇಲೆ ಖಾತೆಯಿಂದ ಖಾತೆಗೆ, ದೇಶದಿಂದ ದೇಶಕ್ಕೆ, ಬರೀ ಕಾಗದದ ಮೇಲಿರುವ ಕಂಪನಿಗಳ ಮೂಲಕ ಸುತ್ತಿಸಿ ಸುತ್ತಿಸಿ ಜಾಡೇ ಸಿಗದ ಹಾಗೆ ಮಾಡುತ್ತಾರೆ. ಕೊನೆಗೆ ಮನೆ, ಜಮೀನು, ಷೇರು. ನೀವು ಸಿಕ್ಕಿಕೊಂಡಿರೋದು ಆ ನಡುವಿನ ಸುತ್ತಾಟದಲ್ಲಿ.

ಬ್ಯಾಂಕಿನವರು ಯಾಕೆ ಬಾಯಿ ಬಿಡಲ್ಲ ಅಂದರೆ, ಈ ವ್ಯವಹಾರ ಅನುಮಾನ ತರಿಸುವಂತಿದೆ ಅಂತ ಸರ್ಕಾರಕ್ಕೆ ವರದಿ ಕಳಿಸಿದ್ದರೆ ಅದನ್ನು ಗ್ರಾಹಕರಿಗೆ ಹೇಳುವಂತಿಲ್ಲ. ಮನಿ ಲಾಂಡರಿಂಗ್ ತಡೆಯೋಕೆ ಅಂತ 1989ರಲ್ಲಿ ಜಿ7 (ಅಮೆರಿಕ, ಬ್ರಿಟನ್, ಜಪಾನ್‌ನಂಥ ಏಳು ಶ್ರೀಮಂತ ದೇಶಗಳ ಗುಂಪು) ಹುಟ್ಟುಹಾಕಿದ ಎಫ್‌ಎಟಿಎಫ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ನಿಯಮಗಳಲ್ಲಿ ಇದೂ ಒಂದು. ಅದಕ್ಕೂ ಮೊದಲು, 1970ರಲ್ಲಿ ಅಮೆರಿಕ ತಂದ ಕಾಯ್ದೆಯಡಿ 10,000 ಡಾಲರ್ ದಾಟಿದ ನಗದಿನ ಬಗ್ಗೆ ಬ್ಯಾಂಕು ಸರ್ಕಾರಕ್ಕೆ ತಿಳಿಸಬೇಕಾಯಿತು. ಕಳ್ಳರು ಸುಮ್ಮನಿದ್ದಾರಾ? 9,000, 9,500 ಅಂತ ಚೂರು ಮಾಡಿ ಹತ್ತು ಜನರ ಕೈಲಿ ಕಟ್ಟಿಸಿದರು. ಹಾಗಾಗಿ ಈಗ ಬ್ಯಾಂಕುಗಳು ಮೊತ್ತದ ಜೊತೆಗೆ ದುಡ್ಡಿನ ನಡೆಯನ್ನೂ ನೋಡುತ್ತವೆ. ಬಂದ ಗಂಟೆಯೊಳಗೇ ಹೆಚ್ಚುಕಮ್ಮಿ ಅಷ್ಟೂ ಹೊರಗೆ ಹೋದರೆ ಅಪಾಯದ ಗಂಟೆ ಬಾರಿಸಿದ ಹಾಗೆಯೇ.

ಬ್ಯಾಂಕುಗಳೆಲ್ಲ ಸಾಚಾ ಅಂತಲ್ಲ. ಡೆನ್ಮಾರ್ಕಿನ ಡ್ಯಾನ್ಸ್ಕೆ ಬ್ಯಾಂಕಿನ ಎಸ್ಟೋನಿಯಾ ಶಾಖೆಯಲ್ಲಿ 2007ರಿಂದ 2015ರವರೆಗೆ ಸುಮಾರು 200 ಬಿಲಿಯನ್ ಯೂರೋ ಹೊರದೇಶದ ಗ್ರಾಹಕರ ಖಾತೆಗಳಲ್ಲಿ ಓಡಾಡಿತ್ತು, ಅದರಲ್ಲಿ ದೊಡ್ಡ ಪಾಲು ಅನುಮಾನದ ದುಡ್ಡು ಅಂತ ಬ್ಯಾಂಕೇ 2018ರಲ್ಲಿ ಹೇಳಿತು. "ಈ ದುಡ್ಡು ಯಾರದು?" ಅಂತ ಅಲ್ಲಿ ಕೇಳದೆ ಬಿಟ್ಟ ಪ್ರಶ್ನೆಯನ್ನೇ ಈಗ ನಿಮ್ಮ ಹತ್ತಿರ ಕೇಳುತ್ತಿರೋದು.

ಮುಖ್ಯವಾದ ಮಾತು: ಚಾಟ್ ಅಳಿಸಬೇಡಿ. ಭಯಕ್ಕೆ ಜಾಸ್ತಿ ಜನ ಮೊದಲು ಮಾಡುವ ತಪ್ಪೇ ಅದು, ನಿಮಗೆ ಗೊತ್ತಿರಲಿಲ್ಲ ಅನ್ನೋದಕ್ಕೆ ಇರುವ ಸಾಕ್ಷಿ ಅದೊಂದೇ ಇರಬಹುದು. ನಡೆದದ್ದನ್ನು ಬ್ಯಾಂಕಿಗೂ ಪೊಲೀಸರಿಗೂ ಬರವಣಿಗೆಯಲ್ಲಿ ಕೊಡಿ, ವಕೀಲರನ್ನೂ ಕಾಣಿ. ಕಮಿಷನ್ ಮುಟ್ಟಬೇಡಿ. "ಇನ್ನೊಂದು ಖಾತೆ ತೆರೆದು ಕಳಿಸಿ" ಅಂತ ಅವರಿಂದ ಮೆಸೇಜ್ ಬಂದರೆ ಉತ್ತರ ಬೇಡ, ಅದನ್ನೂ ಫೈಲಿಗೆ ಸೇರಿಸಿ.